ಮೂರು ಸಲ ತಲೆನೋವಿಗೆ ಮಾತ್ರೆ ಕೊಟ್ಟೆ, ನಾಲ್ಕನೇ ಸಲ ಗೊತ್ತಾಯಿತು. ಮಕ್ಕಳನ್ನು ನೋಡೋದನ್ನ ನಮಗೆ ಯಾರು ಕಲಿಸಬೇಕು?

ಮಲ್ನಾಡ್_ಡಾಕ್ಟ್ರು
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಕ್ಲಿನಿಕ್ ಇಟ್ಟು 18 ವರ್ಷ ಆಯಿತು. ಬರೀ ಎಂಬಿಬಿಎಸ್. ಅಜ್ಜನ ಬಿಪಿಯಿಂದ ಮೊಮ್ಮಗುವಿನ ನೆಗಡಿವರೆಗೆ ಎಲ್ಲ ನಾನೇ ನೋಡೋದು. ಬರುವವರಲ್ಲಿ ಅಂದಾಜು ಮೂರನೇ ಒಂದು ಪಾಲು ಮಕ್ಕಳು.

ವಿಷಯ ಏನಂದ್ರೆ, ಹೋದ ಮಳೆಗಾಲದಲ್ಲಿ 14 ವರ್ಷದ ಹುಡುಗಿಯೊಬ್ಬಳನ್ನು ಅವಳ ಅಮ್ಮ ಕರೆದುಕೊಂಡು ಬಂದರು. ತಲೆನೋವು. ಬಿಪಿ ನೋಡಿದೆ, ಕಣ್ಣು ತೋರಿಸಿ ಅಂದೆ, ಮಾತ್ರೆ ಬರೆದೆ. ಎರಡು ವಾರ ಬಿಟ್ಟು ಮತ್ತೆ ತಲೆನೋವು, ಮತ್ತೆ ಮಾತ್ರೆ. ಮೂರನೇ ಸಲವೂ ಅದೇ. ನಾನು ಹುಡುಗಿಯನ್ನು ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಹೇಳುತ್ತಿದ್ದರು. "ಮೊಬೈಲ್ ನೋಡ್ತಾಳೆ ಸರ್, ಅದಕ್ಕೇ." ನಾನೂ ಹೂಂ ಅಂದೆ, ಹೊರಗೆ ಇಪ್ಪತ್ತು ಜನ ಕಾಯ್ತಾ ಇದ್ದರು.

ನಾಲ್ಕನೇ ಸಲ ಅಮ್ಮ ಆಟೋದವನಿಗೆ ಚಿಲ್ಲರೆ ಕೊಡಲು ಹೊರಗೆ ಹೋದರು. ಅಷ್ಟರಲ್ಲಿ ಹುಡುಗಿ ನನ್ನ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ, "ಸರ್, ನೀವು ಕೊಟ್ಟ ಮಾತ್ರೆ ಒಂದೂ ತಗೊಂಡಿಲ್ಲ. ಎಲ್ಲ ಜಾಮಿಟ್ರಿ ಬಾಕ್ಸಲ್ಲಿ ಇಟ್ಟಿದ್ದೀನಿ" ಅಂದಳು.

ನನಗೆ ಕೈಕಾಲು ತಣ್ಣಗಾಯಿತು. ಹುಡುಗಿ ಈಗ ಚೆನ್ನಾಗಿದ್ದಾಳೆ, ಗಾಬರಿ ಬೇಡ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆದರೆ ಅವತ್ತಿಂದ ಒಂದೇ ಯೋಚನೆ. ಇವಳ ಹತ್ತಿರ ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ನಾನೂ ಕಲಿಯಲು ಹೋಗಿರಲಿಲ್ಲ. ನಮ್ಮಂಥ ಡಾಕ್ಟರುಗಳಿಗೆ ಮಕ್ಕಳ ವಿಷಯದಲ್ಲಿ ಸರಿಯಾದ ತರಬೇತಿ ಬೇಕು ಅನಿಸುತ್ತದೆ. ಎಲ್ಲಿ, ಎಂಥದ್ದು? ಡಾಕ್ಟರುಗಳು ಮಾತ್ರ ಅಲ್ಲ, ಅಪ್ಪ-ಅಮ್ಮಂದಿರೂ ಹೇಳಿ.

ಕಾಫಿಪುಡಿ
ಒಪ್ಪಿಕೊಂಡಿದ್ದಕ್ಕೇ ಒಂದು ನಮಸ್ಕಾರ ಸರ್. ನಮ್ಮೂರ ಡಾಕ್ಟ್ರು ಮಗುವಿನ ಮುಖ ನೋಡೋ ಮೊದಲೇ ಚೀಟಿ ಅರ್ಧ ಬರೆದಿರುತ್ತಾರೆ.

ಚಿಣ್ಣರ_ವೈದ್ಯೆ
ನಾನು ಮಕ್ಕಳ ತಜ್ಞೆ, ದಾವಣಗೆರೆ ಕಡೆ. ಹದಿಹರೆಯದವರ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಸಣ್ಣ ಮಕ್ಕಳದ್ದು. ಬೇಜಾರು ಮಾಡ್ಕೋಬೇಡಿ, ಬೇರೆ ಕಡೆ ತೋರಿಸಿ ನನ್ನ ಹತ್ತಿರ ಬರುವ ಚೀಟಿಗಳಲ್ಲಿ ಮಗುವಿನ ತೂಕ ಬರೆದಿರೋದು ಅಪರೂಪ. ತೂಕ ಇಲ್ಲದೆ ಡೋಸ್ ಎಲ್ಲಿಂದ ಬರುತ್ತದೆ?

ಜ್ವರದ ಪ್ಯಾರಸಿಟಮಾಲ್ ಒಂದನ್ನೇ ತಗೊಳ್ಳಿ. ಡ್ರಾಪ್ಸ್ ಆದರೆ 1 ಎಂಎಲ್‌ಗೆ 100 ಮಿಲಿಗ್ರಾಂ. ಒಂದು ಸಿರಪ್ 5 ಎಂಎಲ್‌ಗೆ 125. ಇನ್ನೊಂದು ಸಿರಪ್ 5 ಎಂಎಲ್‌ಗೆ 250. 10 ಕೆಜಿ ಮಗುವಿಗೆ ಕೆಜಿಗೆ 15ರಂತೆ ಸಲಕ್ಕೆ 150 ಮಿಲಿಗ್ರಾಂ. ಅಂದರೆ ಡ್ರಾಪ್ಸ್‌ನಲ್ಲಿ ಒಂದೂವರೆ ಎಂಎಲ್, ಮೊದಲ ಸಿರಪ್‌ನಲ್ಲಿ 6, ಎರಡನೆಯದರಲ್ಲಿ 3. ಬರೀ "ಪ್ಯಾರಸಿಟಮಾಲ್ 5 ಎಂಎಲ್ ಮೂರು ಹೊತ್ತು" ಅಂತ ಬರೆದು ಕಳಿಸಿದರೆ, ಮೆಡಿಕಲ್ ಶಾಪಿನವರು ಯಾವ ಬಾಟಲಿ ಕೊಡುತ್ತಾರೋ ಅದರ ಮೇಲೆ ಮಗುವಿನ ಅದೃಷ್ಟ. ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಕುಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಎರಡನೆಯದು ಉಸಿರು ಎಣಿಸೋದು. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ ಪೂರ್ತಿ 1 ನಿಮಿಷ. 2 ತಿಂಗಳ ಒಳಗೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು ಅಂತ ಲೆಕ್ಕ. ಪಕ್ಕೆ ಒಳಗೆ ಎಳೆಯುತ್ತಿದ್ದರೆ ಇನ್ನೂ ಹುಷಾರು. ಇದಕ್ಕೆ ಸ್ಕ್ಯಾನ್ ಬೇಡ, ಲ್ಯಾಬ್ ಬೇಡ. ಕೈಗಡಿಯಾರ ಸಾಕು.

ಓಪಿಡಿ_ಕೈದಿ
ಮೇಡಂ, ಪೂರ್ತಿ 1 ನಿಮಿಷ ಅಂತೀರಲ್ಲ, ನಮ್ಮ ಪಿಎಚ್‌ಸಿಗೆ ಒಂದು ದಿನ ಬನ್ನಿ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ 90 ಓಪಿ. ನಡುವೆ ಒಂದು ಮೀಟಿಂಗ್, ಎರಡು ಆನ್‌ಲೈನ್ ವರದಿ, ಒಂದು ನಾಯಿ ಕಚ್ಚಿದ ಕೇಸು. ನಮಗೆ ಕಡಿಮೆ ಇರೋದು ತರಬೇತಿ ಅಲ್ಲ, ಜನ. ಇನ್ನೊಬ್ಬ ಡಾಕ್ಟರನ್ನು ಕೊಡಿ, ಉಸಿರೂ ಎಣಿಸುತ್ತೇನೆ, ಹಾಲುಹಲ್ಲೂ ಎಣಿಸುತ್ತೇನೆ.

ಚಿಣ್ಣರ_ವೈದ್ಯೆ
@ಓಪಿಡಿ_ಕೈದಿ 90 ಜನರ ಉಸಿರನ್ನೂ ಎಣಿಸಿ ಅಂತ ನಾನು ಹೇಳಿಲ್ಲ. ಕೆಮ್ಮು ಅಂತ ಬಂದ 5 ವರ್ಷದೊಳಗಿನವರದ್ದು ಮಾತ್ರ. ದಿನಕ್ಕೆ ಹತ್ತೋ ಹನ್ನೆರಡೋ ಆಗಬಹುದು. ಅದನ್ನೂ ನೀವೇ ಎಣಿಸಬೇಕಾಗಿಲ್ಲ.

ಸಿಸ್ಟರಮ್ಮ
ಅದನ್ನೇ ಹೇಳೋಣ ಅಂತಿದ್ದೆ. ನಾನು ಎಎನ್‌ಎಂ, ಅಂದರೆ ಹಳ್ಳಿ ನರ್ಸ್ ಆಗಿ 22 ವರ್ಷ. ಸಣ್ಣ ಮಕ್ಕಳ ಕಾಯಿಲೆ ಗುರುತಿಸಿ ನೋಡಿಕೊಳ್ಳೋಕೆ ಐಎಂಎನ್‌ಸಿಐ ಅಂತ 8 ದಿನದ ತರಬೇತಿ ನಮಗೆ ಕೊಟ್ಟಿದ್ದಾರೆ. ಉಸಿರು ಎಣಿಸೋದು, ಭೇದಿ ಆದಾಗ ಚರ್ಮ ಚಿವುಟಿ ನೋಡೋದು, ತೋಳಿನ ಪಟ್ಟಿ ಹಾಕಿ ಅಳೆಯೋದು, 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಎನ್‌ಆರ್‌ಸಿಗೆ, ಅಂದರೆ ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರಕ್ಕೆ ಕಳಿಸೋದು, ಎಲ್ಲ ಕಲಿಸಿದ್ದಾರೆ. ಬಣ್ಣದ ಚಾರ್ಟ್ ಇದೆ. ಗುಲಾಬಿ ಅಂದರೆ ತಕ್ಷಣ ದೊಡ್ಡ ಆಸ್ಪತ್ರೆ, ಹಳದಿ ಅಂದರೆ ಇಲ್ಲೇ ಔಷಧಿ, ಹಸಿರು ಅಂದರೆ ಮನೆಯಲ್ಲಿ ಆರೈಕೆ.

ತಮಾಷೆ ಅಂದ್ರೆ ಇದೆಲ್ಲ ಸರ್ಕಾರಿ ನೌಕರಿಯಲ್ಲಿ ಇರುವವರಿಗೆ. ನಮ್ಮ ಹಳ್ಳಿಯ ಜನ ಮಗುವಿಗೆ ಜ್ವರ ಅಂದ ಕೂಡಲೇ ಓಡೋದು ಪೇಟೆಯ ಪ್ರೈವೇಟ್ ಡಾಕ್ಟರ ಹತ್ತಿರ. ಅವರನ್ನು ನಮ್ಮ ತರಬೇತಿಗೆ ಕರೆದಿದ್ದು ನಾನಂತೂ ನೋಡಿಲ್ಲ.

ಮಲ್ನಾಡ್_ಡಾಕ್ಟ್ರು
@ಸಿಸ್ಟರಮ್ಮ ಒಂದೇ ಮಾತಲ್ಲಿ ಹೊಡೆದಿರಿ. ನನ್ನನ್ನು 18 ವರ್ಷದಲ್ಲಿ ಯಾರೂ ಕರೆದಿಲ್ಲ. ನಮಗೆ ಸಿಗೋದು ಸಿಎಂಇ, ಅಂದರೆ ಡಾಕ್ಟರುಗಳಿಗೆ ಆಗಾಗ ನಡೆಸುವ ಉಪನ್ಯಾಸ. 5 ವರ್ಷಕ್ಕೆ 30 ಗಂಟೆ ಮುಗಿಸಬೇಕು ಅಂತ ನಿಯಮ ಇದೆ. ಹೋಟೆಲ್ ಹಾಲ್, ಎಸಿ, ಒಬ್ಬರು ಸ್ಲೈಡ್ ಓದುತ್ತಾರೆ, ಕೊನೆಗೆ ಪನೀರ್ ಊಟ. ನಾನು ಹೋದದ್ದರಲ್ಲಿ ಮುಕ್ಕಾಲು ಪಾಲು ಶುಗರ್ ಮತ್ತು ಹಾರ್ಟ್. ಹದಿನಾಲ್ಕರ ಹುಡುಗಿ ಮಾತಾಡದೆ ಕೂತರೆ ಏನು ಮಾಡಬೇಕು ಅನ್ನೋದರ ಮೇಲೆ ಊಟ ಹಾಕಿಸುವ ಕಂಪನಿ ಯಾವುದು ಇದೆ ಹೇಳಿ.

ಇಂಟರ್ನ್_ಜೀವಿ
ಈಗಿನ ಕಥೆ ನಾನು ಹೇಳ್ತೀನಿ. ಇಂಟರ್ನ್‌ಶಿಪ್‌ನಲ್ಲಿ ಮಕ್ಕಳ ವಿಭಾಗ 3 ವಾರ, ಸೈಕಿಯಾಟ್ರಿ 2 ವಾರ. ಆ 3 ವಾರದಲ್ಲಿ ನಾನು ಮಾಡಿದ್ದು: ರಕ್ತದ ಸ್ಯಾಂಪಲ್ ಲ್ಯಾಬಿಗೆ ಓಡಿಸೋದು, ಡಿಸ್ಚಾರ್ಜ್ ಸಮರಿ ಬರೆಯೋದು, ಐವಿ ಹಾಕುವಾಗ ಮಗುವಿನ ಕಾಲು ಹಿಡಿಯೋದು. ವಾರ್ಡಲ್ಲಿ ಇರೋದೆಲ್ಲ ಸೀರಿಯಸ್ ಮಕ್ಕಳು. ನಾಳೆ ಹಳ್ಳಿಗೆ ಹೋದರೆ ನನ್ನ ಮುಂದೆ ಬರೋದು "ಊಟ ಮಾಡಲ್ಲ ಡಾಕ್ಟ್ರೇ", "ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಕೊಳ್ತಾನೆ", "ಎಂಟನೇ ಕ್ಲಾಸು, ಇನ್ನೂ ದೊಡ್ಡವಳಾಗಿಲ್ಲ" ಇಂಥವು. ಇದಕ್ಕೆ ಉತ್ತರ ವಾರ್ಡಲ್ಲಿ ಸಿಗಲ್ಲ, ಓಪಿಡಿಯಲ್ಲಿ ಸೀನಿಯರ್ ಪಕ್ಕ ಕೂತರೆ ಸಿಗುತ್ತೆ. ನಮ್ಮನ್ನು ಅಲ್ಲಿ ಕೂರಿಸೋದೇ ಇಲ್ಲ.

ಸುಮಾ_ಹುಬ್ಬಳ್ಳಿ
ನಮ್ಮ ಮನಿ ಕಥಿ ಕೇಳ್ರಿ. ಮಗನಿಗೆ 3 ವರ್ಷ ಇದ್ದಾಗ ಭೇದಿ ಶುರು ಆಯಿತು. ಒಬ್ಬ ಡಾಕ್ಟರು ಒಂದು ಇಂಜೆಕ್ಷನ್, ಎರಡು ಆ್ಯಂಟಿಬಯಾಟಿಕ್, ಭೇದಿ ನಿಲ್ಲೋ ಔಷಧಿ ಕೊಟ್ಟರು. ಓಆರ್‌ಎಸ್ ಸುದ್ದಿನೇ ಇಲ್ಲ. ಮರುದಿನ ಮಗು ಕಣ್ಣು ಒಳಗೆ ಹೋಗಿ ಸುಸ್ತಾಗಿ ಮಲಗಿಬಿಟ್ಟಿತು. ಓಣಿಯ ಆಶಾ ಕಾರ್ಯಕರ್ತೆ ಬಂದು ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಪೂರ್ತಿ ಹಾಕಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸ್ರಿ, ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸ್ರಿ ಅಂದಳು. ಸಂಜೆ ಹೊತ್ತಿಗೆ ಎದ್ದು ಕೂತ. ಹತ್ತನೇ ಕ್ಲಾಸ್ ಕಲಿತಾಕಿ ಹೇಳಿದ್ದು ಎಂಬಿಬಿಎಸ್ ಕಲಿತವರು ಹೇಳಲಿಲ್ಲ ನೋಡ್ರಿ.

ಚಿಣ್ಣರ_ವೈದ್ಯೆ
@ಸುಮಾ_ಹುಬ್ಬಳ್ಳಿ ಆಶಾ ಹೇಳಿದ್ದು ಅಕ್ಷರಶಃ ಸರಿ. ಜೊತೆಗೆ ಜಿಂಕ್, ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ 14 ದಿನ ಮುಗಿಸಬೇಕು. ಭೇದಿ ನಿಲ್ಲೋ ಔಷಧಿ ಸಣ್ಣ ಮಕ್ಕಳಿಗೆ ಬೇಡವೇ ಬೇಡ.

ಗಟ್ಟಿಮೇಳ
ನಮ್ಮ ಅಜ್ಜಿ ಬಜೆ ತೇದು ನೆಕ್ಕಿಸಿ ಏಳು ಮಕ್ಕಳನ್ನು ಸಾಕಿದರು. ಆಗ ಯಾವ ತರಬೇತಿ ಇತ್ತು?

ಕಾಫಿಪುಡಿ
ಎಷ್ಟು ಮಕ್ಕಳನ್ನು ಹೆತ್ತರು ಅಂತಲೂ ಹೇಳಿ.

ಗಟ್ಟಿಮೇಳ
...ಹತ್ತು. ಸರಿ ಬಿಡಿ.

ಪೆನ್ಷನ್_ಪರಮೇಶಿ
2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಅಷ್ಟು ಮಕ್ಕಳು ಸತ್ತರಲ್ಲ, ಅದೂ ಡಾಕ್ಟರುಗಳ ತರಬೇತಿ ಸಾಲದೇ ಆಗಿದ್ದಲ್ವಾ?

ಓಪಿಡಿ_ಕೈದಿ
ಅಲ್ಲ ಸರ್. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸೇರಿತ್ತು, ಕಿಡ್ನಿ ಕೆಡಿಸುತ್ತದೆ. ಅದು ತಯಾರಿಸಿದವರ ತಪ್ಪು, ಪರೀಕ್ಷೆ ಮಾಡದವರ ತಪ್ಪು. ಬಾಟಲಿ ನೋಡಿ ಯಾವ ಡಾಕ್ಟರಿಗೂ ಗೊತ್ತಾಗಲ್ಲ. ಎಲ್ಲದಕ್ಕೂ ಡಾಕ್ಟರ ಕುತ್ತಿಗೆ ಹಿಡಿಯಬೇಡಿ.

ಚಿಣ್ಣರ_ವೈದ್ಯೆ
ವಿಷ ಬೆರೆತದ್ದು ಬರೆದವರ ತಪ್ಪಲ್ಲ, ಒಪ್ಪಿದೆ. ಆದರೆ ಸಣ್ಣ ಮಕ್ಕಳ ಮಾಮೂಲಿ ಕೆಮ್ಮಿಗೆ ಸಿರಪ್ ಬೇಕಿತ್ತಾ ಅನ್ನೋ ಪ್ರಶ್ನೆ ಉಳಿಯುತ್ತೆ ಅಲ್ವಾ? ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಅಂತ 2023ರಲ್ಲೇ ಲೇಬಲ್ ಮೇಲೆ ಹಾಕಲು ಹೇಳಿದ್ದರು. ಛಿಂದ್ವಾಡಾ ಆದಮೇಲೆ ಕೇಂದ್ರದವರು 2 ವರ್ಷದೊಳಗೆ ಕೆಮ್ಮು-ನೆಗಡಿ ಸಿರಪ್ ಬರೆಯಬೇಡಿ, 5ರೊಳಗೆ ಸಾಮಾನ್ಯವಾಗಿ ಬೇಡ ಅಂದರು. "ಏನೂ ಬೇಡಮ್ಮ, ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ಎದೆಹಾಲು ಕೊಡ್ತಾ ಇರಿ" ಅಂತ ಹೇಳಿ ಕಳಿಸುವ ಧೈರ್ಯವನ್ನೂ ಕಲಿಸಬೇಕು.

ಓಪಿಡಿ_ಕೈದಿ
ಹಾಗೆ ಹೇಳಿ ಕಳಿಸಿದರೆ ಪಕ್ಕದ ಕ್ಲಿನಿಕ್‌ಗೆ ಹೋಗಿ ಮೂರು ಬಾಟಲಿ ತಗೊಂಡು, ನನ್ನನ್ನು "ಏನೂ ಗೊತ್ತಿಲ್ಲದ ಡಾಕ್ಟ್ರು" ಅಂತಾರೆ. ಅಪ್ಪ-ಅಮ್ಮಂದಿರಿಗೂ ಒಂದು ಬ್ಯಾಚ್ ತರಬೇತಿ ಇಡಿ.

ಸುಮಾ_ಹುಬ್ಬಳ್ಳಿ
ಇಡ್ರಿ, ಬರ್ತೀವಿ. ಊಟ ಇರಬೇಕು, ಪನೀರ್ ಬೇಡ.

ಗದಗ_ಮಾಸ್ತರ
ನಾನು ಹೈಸ್ಕೂಲ್ ಮಾಸ್ತರ. ಸಣ್ಣ ಮಕ್ಕಳಿಗೆ ಅಂಗನವಾಡಿ ಐತಿ, ಲಸಿಕೆ ಐತಿ, ತಾಯಿ ಕಾರ್ಡ್ ಐತಿ. 12 ದಾಟಿತು ಅಂದರೆ ಮಕ್ಕಳು ಯಾರ ಕಣ್ಣಿಗೂ ಬೀಳಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಲು ನಾಚಿಕೆ, ಅಲ್ಲಿ ಗೋಡೆ ತುಂಬಾ ಆನೆ-ಮೊಲದ ಚಿತ್ರ. ದೊಡ್ಡವರ ಡಾಕ್ಟರ ಹತ್ತಿರ ಹೋಗಲು ಹೆದರಿಕೆ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡ್ತೀವಿ. ಅರ್ಧದಷ್ಟು ಮಾತ್ರೆ ಕಿಟಕಿ ಹೊರಗೆ ಸಿಗ್ತಾವು. ಯಾಕಂದ್ರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ. ಹಾಗಾಗೋದು ಸಹಜ, ಊಟ ಆದಮೇಲೆ ತಗೊಳ್ಳಿ ಅಂತ ಯಾರಾದರೂ ಡಾಕ್ಟರು ಬಂದು ಹತ್ತು ನಿಮಿಷ ಹೇಳಿದ್ದರೆ ಸಾಕಿತ್ತು. ಮೊದಲೊಂದು ವರ್ಷ ನಾವೇ ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿನ ಜೊತೆಗೇ ಕೊಡುತ್ತಿದ್ದೆವು. ಹಾಲಿನ ಜೊತೆ ಕಬ್ಬಿಣ ಮೈಗೆ ಹತ್ತಲ್ಲ ಅಂತ ಆಮೇಲೆ ಗೊತ್ತಾಯಿತು.

ಸಿಸ್ಟರಮ್ಮ
ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ ಮಾಸ್ತರೇ. 2014ರಲ್ಲಿ ಆರ್‌ಕೆಎಸ್‌ಕೆ ಅಂತ ಸರ್ಕಾರದ ಆರೋಗ್ಯ ಯೋಜನೆ ಬಂತಲ್ಲ, 10ರಿಂದ 19 ವರ್ಷದವರಿಗೆ.

ಗದಗ_ಮಾಸ್ತರ
ಐತಿ, ಇಲ್ಲ ಅನ್ನಲ್ಲ. ನಾನು ನೋಡಿದ ಒಂದು ಕಡೆ ಆ ರೂಮಿನ ಬೋರ್ಡು ಚೀಟಿ ಮಾಡಿಸುವ ಸಾಲಿಗೆ ಎದುರಿಗೇ ಇತ್ತು. ಅಲ್ಲಿ ನಿಂತ ಹುಡುಗಿಯನ್ನು ಸಾಲಿನಲ್ಲಿ ನಿಂತ ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲ ನೋಡ್ತಾರ. ಯಾರು ಹೋಗ್ತಾರ್ರಿ?

ಬರ್ಮಿಂಗ್‌ಹ್ಯಾಮ್_ಜಿಪಿ
ಮೂಲ ಮೈಸೂರು, ಈಗ ಇಂಗ್ಲೆಂಡಿನಲ್ಲಿ ಜಿಪಿ. ಇಲ್ಲಿ ಫ್ಯಾಮಿಲಿ ಡಾಕ್ಟರ್ ಆಗಬೇಕಾದರೆ ಇಂಟರ್ನ್‌ಶಿಪ್ ಥರದ್ದು ಮುಗಿದ ಮೇಲೆ ಬೇರೆಯಾಗಿ 3 ವರ್ಷ ತರಬೇತಿ. ಅದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವ ಪುಸ್ತಕವೂ ಅಲ್ಲ. ನಾನು ರೋಗಿಯ ಜೊತೆ ಮಾತಾಡುವುದನ್ನು, ಅವರ ಒಪ್ಪಿಗೆ ಪಡೆದು ವಿಡಿಯೊ ಮಾಡಿ, ನನ್ನ ಟ್ರೇನರ್ ಜೊತೆ ಕೂತು ನೋಡೋದು. ಮೊದಲ ವಿಡಿಯೊ ನೋಡಿ ನಾಚಿಕೆಯಾಯಿತು. 15ರ ಹುಡುಗನೊಬ್ಬ ಮಾತು ಶುರು ಮಾಡಿದ ಪ್ರತಿ ಸಲ ನಾನು ಕಂಪ್ಯೂಟರ್ ನೋಡುತ್ತಿದ್ದೆ. ಹುಡುಗ ನಿಲ್ಲಿಸುತ್ತಿದ್ದ. ನನಗೆ ಗೊತ್ತೇ ಇರಲಿಲ್ಲ.

ಇಲ್ಲಿ ಸ್ವರ್ಗ ಅಂತ ತಿಳಿಯಬೇಡಿ. ಜಿಪಿ ಆಗುವ ಎಲ್ಲರಿಗೂ ಮಕ್ಕಳ ವಿಭಾಗದಲ್ಲಿ ಪೋಸ್ಟಿಂಗ್ ಸಿಗಲ್ಲ. ಒಬ್ಬರಿಗೆ ಸಿಗೋದು ಹತ್ತು ನಿಮಿಷ. ಆದರೆ ಹದಿಹರೆಯದವರು ಬಂದರೆ ಸ್ವಲ್ಪ ಹೊತ್ತು ಅಪ್ಪ-ಅಮ್ಮನನ್ನು ಹೊರಗೆ ಕೂರಲು ಹೇಳೋದು ಮಾಮೂಲು. 16ಕ್ಕಿಂತ ಚಿಕ್ಕವರಾದರೂ ವಿಷಯ ಪೂರ್ತಿ ಅರ್ಥ ಮಾಡಿಕೊಳ್ಳುವವರಿದ್ದರೆ ಅವರೇ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, 1985ರ ಗಿಲ್ಲಿಕ್ ತೀರ್ಪಿನಿಂದ ಬಂದದ್ದು.

ಇಬ್ಬರ_ಅಪ್ಪ
ಅದೆಲ್ಲ ಅಲ್ಲಿಗೆ ಸರಿ. ನನ್ನ 14ರ ಮಗಳನ್ನು ಡಾಕ್ಟರ್ ಜೊತೆ ಒಬ್ಬಳನ್ನೇ ಬಿಟ್ಟು ಹೊರಗೆ ಕೂರು ಅಂದರೆ ನಾನಂತೂ ಕೂರಲ್ಲ. ಪೇಪರಲ್ಲಿ ಏನೇನು ಓದ್ತೀವಿ.

ಚಿಣ್ಣರ_ವೈದ್ಯೆ
@ಇಬ್ಬರ_ಅಪ್ಪ ನಿಮ್ಮ ಹೆದರಿಕೆ ತಪ್ಪಲ್ಲ. ಹುಡುಗಿಯಾದರೆ ಸಿಸ್ಟರ್ ಒಳಗೆ ಇರುತ್ತಾರೆ. ಬಾಗಿಲು ಅರ್ಧ ತೆರೆದಿರುತ್ತೆ, ನೀವು ಬೆಂಚಿನಿಂದ ನೋಡಬಹುದು, ಕೇಳಿಸಲ್ಲ ಅಷ್ಟೇ. ಮೊದಲೇ ಹೇಳ್ತೀನಿ, "12 ದಾಟಿದ ಎಲ್ಲ ಮಕ್ಕಳ ಹತ್ತಿರವೂ ನಾನು ಐದು ನಿಮಿಷ ಬೇರೆ ಮಾತಾಡ್ತೀನಿ, ನಿಮ್ಮ ಮಗಳೊಬ್ಬಳೇ ಅಲ್ಲ." ಎಲ್ಲರಿಗೂ ಇದೇ ಪದ್ಧತಿ ಅಂದರೆ ಯಾರೂ ಬೇಜಾರಾಗಲ್ಲ.

ಇಬ್ಬರ_ಅಪ್ಪ
ಸಿಸ್ಟರ್ ಇದ್ದರೆ ನೋಡೋಣ.

ಕರಿಕೋಟು
ವಕೀಲನಾಗಿ ಒಂದು ಮಾತು. ಗಿಲ್ಲಿಕ್ ನಮ್ಮಲ್ಲಿ ನಡೆಯಲ್ಲ. "ಯಾರಿಗೂ ಹೇಳಲ್ಲ" ಅಂತ ಮಕ್ಕಳಿಗೆ ಮಾತು ಕೊಡಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ 19ನೇ ಸೆಕ್ಷನ್ ಕೆಳಗೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್, 6 ತಿಂಗಳವರೆಗೆ ಜೈಲು ಅಥವಾ ದಂಡ. ಹುಡುಗ-ಹುಡುಗಿ ಇಬ್ಬರೂ ಇಷ್ಟಪಟ್ಟು ನಡೆದದ್ದು ಅಂದರೂ 18ರೊಳಗೆ ಆ ಒಪ್ಪಿಗೆಗೆ ಬೆಲೆ ಇಲ್ಲ. ಗರ್ಭಪಾತದ ವಿಷಯದಲ್ಲಿ ಮಾತ್ರ 2022ರಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಬಿಟ್ಟಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ.

ಇಂಟರ್ನ್_ಜೀವಿ
ಇದನ್ನು ಫೊರೆನ್ಸಿಕ್ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅಂತ ಓದಿದ್ದೆ. ಎದುರಿಗೆ ಕೂತ ಹುಡುಗಿಗೆ ಇದನ್ನು ಹೇಗೆ ಹೇಳೋದು?

ಮನಸಿನ_ಮಾತು
ನಾನು ಹೇಳೋದು ಹೀಗೆ: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ತೊಂದರೆ ಕೊಡ್ತಾ ಇದ್ದರೆ, ಬೇರೆಯವರ ಸಹಾಯ ತಗೋಬೇಕಾಗುತ್ತೆ. ಆಗ ಮೊದಲು ನಿನಗೆ ಹೇಳಿಯೇ ಹೇಳ್ತೀನಿ." ಮಾತು ಶುರು ಆಗುವ ಮೊದಲೇ ಹೇಳಬೇಕು. ಎಲ್ಲ ಕೇಳಿದ ಮೇಲೆ ಹೇಳಿದರೆ ಮೋಸ ಅನಿಸುತ್ತೆ.

ನಾನೂ ಎಂಬಿಬಿಎಸ್ ಡಾಕ್ಟರೇ, ಮಾನಸಿಕ ಆರೋಗ್ಯದ ತರಬೇತಿ ತಗೊಂಡಿದ್ದೇನೆ, ಜಾಸ್ತಿ ಆನ್‌ಲೈನ್‌ನಲ್ಲೇ. ಅಲ್ಲಿ ಹೆಡ್ಸ್ ಅಂತ ಒಂದು ಕ್ರಮ ಕಲಿಸಿದರು. ಸುಲಭದ ಪ್ರಶ್ನೆಯಿಂದ ಕಷ್ಟದ್ದಕ್ಕೆ ಹೋಗೋದು. ಮನೆಯಲ್ಲಿ ಯಾರ್ಯಾರು ಇದ್ದೀರಿ, ಯಾರ ಹತ್ತಿರ ಜಾಸ್ತಿ ಮಾತಾಡ್ತೀಯಾ? ಶಾಲೆಯಲ್ಲಿ ಯಾವ ಪಾಠ ತಲೆಗೆ ಹೋಗಲ್ಲ? ಸಂಜೆ ಏನು ಮಾಡ್ತೀಯಾ? ನಿನ್ನ ಕ್ಲಾಸಲ್ಲಿ ಗುಟ್ಕಾ, ಸಿಗರೇಟು ಯಾರಾದರೂ ಹಾಕ್ತಾರಾ? ("ನೀನು ಹಾಕ್ತೀಯಾ" ಅಂತ ಮೊದಲೇ ಕೇಳಿದರೆ ಬಾಯಿ ಮುಚ್ಚಿಬಿಡುತ್ತಾರೆ.) ಆಮೇಲೆ ಪ್ರೀತಿ-ಪ್ರೇಮದ ವಿಷಯ. ಕೊನೆಗೆ ಮನಸ್ಸು: "ಬದುಕೋದೇ ಬೇಡ ಅಂತ ಯಾವಾಗಲಾದರೂ ಅನಿಸಿದೆಯಾ?"

ಈ ಕೊನೆಯದನ್ನು ಕೇಳಲು ನಮ್ಮ ಡಾಕ್ಟರುಗಳು ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತುಂಬಿದ ಹಾಗಾಗುತ್ತೆ ಅಂತ. ಹಾಗಾಗಲ್ಲ. ಹೆಚ್ಚಿನ ಮಕ್ಕಳಿಗೆ ಯಾರೋ ಕೇಳಿದರಲ್ಲ ಅಂತ ಹಗುರ ಆಗುತ್ತೆ. ಇದನ್ನು ಓದುತ್ತಿರುವ ಯಾರಿಗಾದರೂ ಬೇಕಾದರೆ ಟೆಲಿ ಮನಸ್ 14416, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಓಪಿಡಿ_ಕೈದಿ
ಒಂದು ಪ್ರಾಮಾಣಿಕ ಪ್ರಶ್ನೆ. ಇಷ್ಟೆಲ್ಲ ಕೇಳಲು ಎಷ್ಟು ಹೊತ್ತು ಬೇಕು?

ಮನಸಿನ_ಮಾತು
ಪೂರ್ತಿ ಕೇಳಿದರೆ 20-25 ನಿಮಿಷ. ಆದರೆ ಒಂದೇ ದಿನ ಕೇಳಬೇಕು ಅಂತ ಎಲ್ಲಿದೆ? ಫ್ಯಾಮಿಲಿ ಡಾಕ್ಟರಿಗೆ ಇರುವ ಅನುಕೂಲವೇ ಅದು. ಇವತ್ತು ಮನೆ-ಶಾಲೆ ಕೇಳಿ, ಗುರುವಾರ ಮತ್ತೆ ಬಾ ಅನ್ನಿ. ಕೊನೆಯ ಪ್ರಶ್ನೆಯನ್ನು ಮಾತ್ರ, ಅನುಮಾನ ಬಂದರೆ, ಅವತ್ತೇ ಕೇಳಿ.

ಓಪಿಡಿ_ಕೈದಿ
ಗುರುವಾರ ಲಸಿಕೆ ದಿನ. ಶುಕ್ರವಾರ ಅಂತ ಇಟ್ಟುಕೊಳ್ತೀನಿ.

ಪೆನ್ಷನ್_ಪರಮೇಶಿ
ಎಲ್ಲ ಸರಿ, ಆದರೆ ಇಂಥ ವಿಷಯವನ್ನು ಡಾಕ್ಟರು ಹೀಗೆ ಎಲ್ಲರ ಮುಂದೆ ಬರೆಯಬಹುದಾ? ಆ ಹುಡುಗಿ ಓದಿದರೆ?

ಮಲ್ನಾಡ್_ಡಾಕ್ಟ್ರು
@ಪೆನ್ಷನ್_ಪರಮೇಶಿ ಕೇಳಿದ್ದು ಸರಿ. ಬರೆಯುವ ಮೊದಲು ಅವಳನ್ನೂ ಅಮ್ಮನನ್ನೂ ಕೇಳಿದ್ದೇನೆ. "ಬರೀರಿ ಸರ್, ಊರು ಹೇಳಬೇಡಿ" ಅಂದಳು. ವಯಸ್ಸು, ಕಾಲ, ಕೆಲವು ವಿವರ ಬದಲಿಸಿದ್ದೇನೆ.

ಮುಂದೆ ಏನಾಯಿತು ಅಂತ ಕೆಲವರು ಇನ್‌ಬಾಕ್ಸಲ್ಲಿ ಕೇಳಿದ್ದೀರಿ. ಅವತ್ತು ನನಗೆ ಹೆಡ್ಸೂ ಗೊತ್ತಿರಲಿಲ್ಲ, ಏನೂ ಗೊತ್ತಿರಲಿಲ್ಲ. ಅಮ್ಮ ಒಳಗೆ ಬಂದಾಗ, ಸ್ವಲ್ಪ ಹೊತ್ತು ಹೊರಗೆ ಕೂರಿ ಅಂದೆ. ಅವರಿಗೆ ಕೋಪ ಬಂತು. ನಮ್ಮ ಸಿಸ್ಟರನ್ನು ಒಳಗೆ ಕರೆದೆ. ಹುಡುಗಿ ಏಳರವರೆಗೆ ಕನ್ನಡ ಮೀಡಿಯಂ, ಕ್ಲಾಸಿಗೆ ಮೊದಲು. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಲೆಕ್ಕ, ವಿಜ್ಞಾನ ಒಂದೂ ಅರ್ಥ ಆಗಲ್ಲ, ಎದ್ದು ಓದು ಅಂದರೆ ಕ್ಲಾಸು ನಗುತ್ತದೆ. ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ, ಅದಕ್ಕೇ ಮನೆಯಲ್ಲಿ ಹೇಳಿಲ್ಲ. ಇಷ್ಟು ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಗಿದ್ದವರಲ್ಲಿ ಅರ್ಧ ಜನ ಬೈದುಕೊಂಡು ಎದ್ದು ಹೋದರು. ಮಾತ್ರೆ ಕೂಡಿಟ್ಟ ವಿಷಯ ಅಮ್ಮನಿಗೆ ಹೇಳಲೇಬೇಕು ಅಂತ ಹುಡುಗಿಗೆ ಹೇಳಿದೆ. ಅತ್ತಳು, ಆಮೇಲೆ ನೀವೇ ಹೇಳಿ ಅಂದಳು. ಅವತ್ತೇ ಜಿಲ್ಲಾಸ್ಪತ್ರೆಯ ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿ ಕಳಿಸಿದೆ. ಈಗ ಕನ್ನಡ ಮೀಡಿಯಂಗೆ ವಾಪಸ್ ಹೋಗಿದ್ದಾಳೆ. ತಲೆನೋವು ಇನ್ನೂ ಒಮ್ಮೊಮ್ಮೆ ಬರುತ್ತದೆ.

@ಚಿಣ್ಣರ_ವೈದ್ಯೆ ಮೇಡಂ, ತೂಕದ ಮಾತು ಓದಿ ಇವತ್ತು ನಮ್ಮ ಕ್ಲಿನಿಕ್ಕಿನ ತೂಕದ ಮೆಷಿನ್ ಮೇಲೆ 5 ಕೆಜಿ ಅಕ್ಕಿ ಇಟ್ಟು ನೋಡಿದೆ. ಐದೂಮುಕ್ಕಾಲು ತೋರಿಸಿತು.

ಚಿಣ್ಣರ_ವೈದ್ಯೆ
ಮೊದಲು ಅದನ್ನು ಎಸೆಯಿರಿ! ಸಣ್ಣ ಶಿಶುಗಳಿಗೆ ಬೇರೆ ಮೆಷಿನ್ ಬೇಕು, 10 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು. ಮತ್ತೆ, ತಿಂಗಳಿಗೆ ಎರಡು ಮಧ್ಯಾಹ್ನ ನನ್ನ ಓಪಿಡಿಯಲ್ಲಿ ಬಂದು ಕೂರುವುದಾದರೆ ಕೂರಿ. ದೂರ ಆಗುತ್ತೆ ಗೊತ್ತು.

ಇಂಟರ್ನ್_ಜೀವಿ
ಮೇಡಂ ನನಗೂ ಒಂದು ಕುರ್ಚಿ.

ಗದಗ_ಮಾಸ್ತರ
ಡಾಕ್ಟ್ರೇ, ಆ ಜಾಮಿಟ್ರಿ ಬಾಕ್ಸ್ ಏನಾಯಿತ್ರಿ?

ಮಲ್ನಾಡ್_ಡಾಕ್ಟ್ರು
ಅವತ್ತು ಸಂಜೆಯೇ ಅಪ್ಪ ತಂದುಕೊಟ್ಟರು. ಮಾತ್ರೆಯೆಲ್ಲ ನಾನು ತೆಗೆದುಕೊಂಡೆ. ಕಂಪಾಸು, ಸ್ಕೇಲು ಹಾಗೇ ಒಳಗಿಟ್ಟು ಬಾಕ್ಸ್ ವಾಪಸ್ ಕೊಟ್ಟೆ. ಸೋಮವಾರ ಅವಳಿಗೆ ಲೆಕ್ಕದ ಪರೀಕ್ಷೆ ಇತ್ತು. ಹೋಗಬೇಡ ಅಂದೆ. ಹೋಗಿ ಬರೆದು ಬಂದಿದ್ದಾಳೆ.